ಮೊಟ್ಟೆಯ ಬಿಳಿ, ಹೊಟ್ಟೆಯ ಕಂದು

ಮನುಷ್ಯನ ಆಯುಷ್ಯ ಎಷ್ಟೆಂಬುದು ಹುಟ್ಟುವಾಗಲೇ ಅವನ ಹಣೆಯಲ್ಲಿ ಬರೆದಿರುತ್ತದೆ, ಅದನ್ನು ಓದುವ ಶಕ್ತಿ ನರಮನುಷ್ಯರಿಗಿಲ್ಲ ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ನಮ್ಮ ಪ್ರಯೋಗಾಲಯದ ಅನುಭವದಂತೆ ಅದು ಬರೆದಿರುವುದು ಹಣೆಯಲ್ಲಲ್ಲ, ಜಠರದ ಗೋಡೆಯಲ್ಲಿ. ಸರಿಯಾದ ಬಣ್ಣ ಹಾಕಿದರೆ ಓದಲೂಬಹುದು. ಆದರೆ ಓದಲು ಕೂತಾಗ ನಡುವೆ ಒಂದು ಕೋಳಿ ಬಂದು ನಿಲ್ಲುತ್ತದೆ.

ಎಂಬತ್ತರ ದಶಕದ ನಡುಭಾಗ. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವ ವೈದ್ಯ ನಾನು. ಶಸ್ತ್ರಚಿಕಿತ್ಸಕರು ಕತ್ತರಿಸಿ ಕಳಿಸಿದ ತುಂಡನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಪೊರೆಗಿಂತ ತೆಳುವಾಗಿ ಹೆರೆದು, ಗಾಜಿಗೆ ಅಂಟಿಸಿ, ಬಣ್ಣ ಹಾಕಿ, ಇದು ಇಂಥ ರೋಗ ಎಂದು ಹೇಳುವುದು ನಮ್ಮ ವಿಭಾಗದ ಕೆಲಸ. ಯಾವ ರೋಗ ಎಂದು ಹೇಳಿದರೆ ಸಾಕಿತ್ತು. ಎಷ್ಟು ದಿನ ಎಂದು ಯಾರಾದರೂ ಕೇಳಿದರೆ ಗೋಡೆಯ ಮೇಲಿನ ದೇವರ ಪಟದ ಕಡೆ ಕೈ ತೋರಿಸುವುದು ಪದ್ಧತಿ. ಪಟಕ್ಕೆ ಆ ಕೆಲಸ ಹೊಸದೇನಲ್ಲ.

ಆ ವರ್ಷ ನಮ್ಮ ಶಸ್ತ್ರಚಿಕಿತ್ಸಕರು ವಿದೇಶದಿಂದ ಮರಳುವಾಗ ಐಸಿನ ಫ್ಲಾಸ್ಕಿನಲ್ಲಿ ಒಂದು ಪುಟ್ಟ ಸೀಸೆ ತಂದರು. ಅದರಲ್ಲಿದ್ದದ್ದು ಸಿ.ಇ.ಎ. ಎಂಬ ಪ್ರೋಟೀನನ್ನು ಹುಡುಕಿ ಹಿಡಿಯುವ, ಮೊಲದ ರಕ್ತದಿಂದ ತೆಗೆದ ಸೀರಮ್ಮು. ಈ ಪ್ರೋಟೀನು ಮಗು ಗರ್ಭದಲ್ಲಿರುವಾಗ ಕರುಳಿನಲ್ಲಿ ಧಾರಾಳವಾಗಿರುತ್ತದೆ. ಹುಟ್ಟಿದ ಮೇಲೆ ಹೆಚ್ಚುಕಡಿಮೆ ಮರೆಯಾಗುತ್ತದೆ. ಕೆಲವು ಕ್ಯಾನ್ಸರುಗಳು ಮಾತ್ರ ಅದನ್ನು ಮತ್ತೆ ನೆನಪು ಮಾಡಿಕೊಳ್ಳುತ್ತವೆ. ಹೊಟ್ಟೆಯ ಕ್ಯಾನ್ಸರಿನಲ್ಲಿ ಇದು ಹೆಚ್ಚಿದ್ದವರು ಬೇಗ ಹೋಗುತ್ತಾರೆ, ಇಲ್ಲದವರು ಹೆಚ್ಚು ಕಾಲ ಇರುತ್ತಾರೆ ಎಂಬುದು ಶಸ್ತ್ರಚಿಕಿತ್ಸಕರ ಊಹೆ. ಸೀರಮ್ಮು ಹಾಕಿ, ಅದರ ಮೇಲೆ ಇನ್ನೆರಡು ದ್ರಾವಣ ಹಾಕಿ, ಕೊನೆಗೆ ಬಣ್ಣ ಹಾಕಿದರೆ ಪ್ರೋಟೀನು ಇದ್ದ ಕಡೆ ಕಂದು ಬಣ್ಣ ಬರುತ್ತದೆ. ಆ ಕಂದಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಡುವುದು ನನ್ನ ಕೆಲಸ.

"ನೋಡಿ, ಎರಡು, ಮೂರು ಬಂದವರಿಗೆ ಔಷಧಿ. ಸೊನ್ನೆ, ಒಂದು ಬಂದವರು ಮನೆಗೆ. ಸಿಂಪಲ್" ಎಂದರು ಶಸ್ತ್ರಚಿಕಿತ್ಸಕರು.

"ಇದು ಇನ್ನೂ ಸಾಬೀತಾಗಿಲ್ವಲ್ಲ ಸಾರ್."

"ಸಾಬೀತಾಗೋವರೆಗೂ ಕಾಯೋಕೆ ನನ್ನ ಪೇಷೆಂಟುಗಳಿಗೆ ಪುರುಸೊತ್ತಿಲ್ಲ ಕಣ್ರೀ."

ಔಷಧಿ ಎಂದರೆ ರಕ್ತನಾಳಕ್ಕೆ ಕೊಡುವ ವಿಷ. ಅದು ಕ್ಯಾನ್ಸರಿನ ಕೋಶವನ್ನೂ ಕೊಲ್ಲುತ್ತದೆ, ರಕ್ತದ ಬಿಳಿ ಕಣಗಳನ್ನೂ ಬಿಡುವುದಿಲ್ಲ. ಬಿಳಿ ಕಣ ಇಳಿದವನಿಗೆ ಪಕ್ಕದ ಮಂಚದವನ ನೆಗಡಿಯೇ ಯಮನ ಕರೆ. ಇನ್ನು ನಾವು ಹಾಕುತ್ತಿದ್ದ ಕಂದು ಬಣ್ಣದ ಪುಡಿಯೂ ಕ್ಯಾನ್ಸರ್ ತರಬಹುದೆಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಕ್ಯಾನ್ಸರು ಹುಡುಕಲು ಹೋಗಿ ಅದನ್ನು ಮನೆಗೆ ಕಟ್ಟಿಕೊಂಡು ಹೋಗುವ ಈ ಏರ್ಪಾಟಿನ ಬಗ್ಗೆ ನನಗೆ ಮೊದಲ ದಿನದಿಂದಲೂ ಭಯವಿತ್ತು. ಕಿಟಕಿಯ ಕೆಳಗೆ, ಎರಡೆರಡು ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ತೂಕ ಮಾಡುತ್ತಿದ್ದೆ.

ಮೇಣ ಹೆರೆದು ಗಾಜಿಗೆ ಅಂಟಿಸುತ್ತಿದ್ದವರು ನಮ್ಮ ಹಿರಿಯ ಟೆಕ್ನಿಷಿಯನ್. ಎಲ್ಲರೂ ಅವರನ್ನು ಆಚಾರ್ರು ಎನ್ನುತ್ತಿದ್ದರು. ತುಂಡು ಗಾಜಿಗೆ ಕಚ್ಚಿಕೊಳ್ಳಲು ಅಂಟು ಬೇಕು. ಜಗತ್ತಿನ ಎಲ್ಲ ಪ್ರಯೋಗಾಲಯಗಳ ಹಳೆಯ ಅಂಟೆಂದರೆ ಕೋಳಿಮೊಟ್ಟೆಯ ಬಿಳಿ ಮತ್ತು ಗ್ಲಿಸರಿನ್. ಈರುಳ್ಳಿಯನ್ನೂ ತಿನ್ನದ ಆಚಾರ್ರು ನೌಕರಿಯ ಧರ್ಮವೆಂದು ಮೊಟ್ಟೆ ಒಡೆಯುತ್ತಿದ್ದರು. ಮುಖ ಕಿಟಕಿಯ ಕಡೆ, ಕೈಗಳು ಬೀಕರಿನ ಕಡೆ, ತುಟಿಯಲ್ಲಿ ಏನೋ ಮಂತ್ರ. ಆ ಭಂಗಿಯಲ್ಲೂ ಹಳದಿಯ ಒಂದು ಹನಿ ಬೀಳದಂತೆ ಬಿಳಿಯನ್ನು ಬೇರೆ ಮಾಡುತ್ತಿದ್ದರು. ಮನೆಗೆ ಹೋಗಿ ಸ್ನಾನ ಮಾಡಿದ ಮೇಲೆಯೇ ಅವರಿಗೆ ಕಾಫಿ.

ಕೆಲಸ ಶುರುವಾದದ್ದು ಶ್ರಾವಣದಲ್ಲಿ. ಮೊದಲು ಜಠರದ ಒಂದು ಹಳೆಯ ತುಂಡಿನಿಂದ ತಾಳೆ ನೋಡುವ ಗಾಜುಗಳನ್ನು ರಾಶಿಯಾಗಿ ತಯಾರಿಸಿಟ್ಟುಕೊಂಡೆವು. ಪ್ರತಿ ಸಲವೂ ರೋಗಿಗಳ ಗಾಜಿನ ಜೊತೆ ಇಂಥದೊಂದಕ್ಕೆ ಸೀರಮ್ಮು ಬಿಟ್ಟು ಉಳಿದದ್ದನ್ನೆಲ್ಲ ಹಾಕಿ ಇಡಬೇಕು. ಅದು ಬೆಳ್ಳಗೆ ಉಳಿದರೆ ಉಳಿದವುಗಳ ಕಂದನ್ನು ನಂಬಬಹುದು. ಬೆಳ್ಳಗೇ ಉಳಿಯುತ್ತಿತ್ತು. ಮೊದಲ ಕೆಲವು ರೋಗಿಗಳಿಗೆ ಹೆಚ್ಚಿನದೆಲ್ಲ ಸೊನ್ನೆ, ಒಂದು. ಭಾದ್ರಪದ ಬಂತು. ಕಂದು ಏರಿತು. ಎರಡು, ಮೂರು, ಮತ್ತೆ ಮೂರು. ತುಂಡಿನ ಸುತ್ತಲಿನ ಬರಿಯ ಗಾಜಿನ ಮೇಲೂ ಮಸುಕು ಚಹಾದ ಬಣ್ಣ ಕಾಣುತ್ತಿತ್ತು. ತೊಳೆದದ್ದು ಸಾಲದು ಎಂದುಕೊಂಡೆವು. ತಾಳೆಯ ಗಾಜು ಬೆಳ್ಳಗಿದೆಯಲ್ಲ, ಇನ್ನೇನು ಚಿಂತೆ?

"ಈಗ ಬರ್ತಿರೋ ಕೇಸುಗಳು ಲೇಟಾಗಿ ಬರ್ತಿವೆ, ಅದಕ್ಕೇ" ಎಂದು ಶಸ್ತ್ರಚಿಕಿತ್ಸಕರು ವ್ಯಾಖ್ಯಾನ ಮಾಡಿದರು. ದೊಡ್ಡವರು ವ್ಯಾಖ್ಯಾನ ಮಾಡಿದ ಮೇಲೆ ಚಿಕ್ಕವರು ತೊಳೆಯುವ ಸಮಯ ಹೆಚ್ಚಿಸುವುದು ಆಸ್ಪತ್ರೆಯ ರೂಢಿ.

ಗೌರಿ ಹಬ್ಬ ಕಳೆದ ಮೇಲೆ ನನ್ನ ಅಕ್ಕನ ಗಂಡನಿಗೆ ನಮ್ಮಲ್ಲೇ ಆಪರೇಷನ್ ಆಯಿತು. ಭಾವ ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವರು. ತಯಾರಾದ ಬಿಡಿಭಾಗಗಳಿಗೆ ಪಾಸು, ಫೇಲು ಮುದ್ರೆ ಒತ್ತುವುದೇ ಅವರ ಜೀವಮಾನದ ಕೆಲಸ. ಜಠರದ ಮುಕ್ಕಾಲು ಭಾಗ ಹೋಯಿತು. ಆರ್.ಟಿ. ನಗರದ ಅವರ ಮನೆಗೆ ಹೋದಾಗ ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದಳು.

"ಇವರಿಗೆ ಬರೀ ಹುಣ್ಣು ಅಂತ ಹೇಳಿದೀನಿ ಕಣೋ. ನೀನು ಬಾಯಿ ಬಿಟ್ಟುಗಿಟ್ಟೀಯ."

ಹೊರಗೆ ಭಾವ ದಿಂಬಿಗೆ ಒರಗಿ ಗಂಜಿಯ ಲೋಟ ನೋಡುತ್ತಿದ್ದರು. "ಬಾರಪ್ಪ ಡಾಕ್ಟ್ರೇ. ಒಳಗೆ ಕಾನ್ಫರೆನ್ಸು ಮುಗೀತಾ?"

"ಹೇಗಿದೀರ ಭಾವ?"

"ರೀವರ್ಕಿಗೆ ಕಳಿಸಿದ ಪೀಸು ಹೇಗಿರತ್ತೆ, ಹಾಗಿದೀನಿ." ದನಿ ತಗ್ಗಿಸಿದರು. "ನಿಮ್ಮಕ್ಕ ಹುಣ್ಣು ಅಂತಾಳೆ. ಅವಳ ಸಮಾಧಾನಕ್ಕೆ ನಾನೂ ಹುಣ್ಣು ಅಂತೀನಿ. ನೀನು ಹೇಳು, ನನ್ನ ಮೇಲೆ ಯಾವ ಮುದ್ರೆ ಬಿದ್ದಿದೆ?"

"ಇನ್ನೂ ನೋಡಿಲ್ಲ ಭಾವ."

"ನೋಡು. ನಿಧಾನವಾಗೇ ನೋಡು. ಅವಸರದಲ್ಲಿ ಪಾಸು ಮಾಡಿದ್ದೆಲ್ಲ ವಾಪಸ್ ಬರತ್ತೆ."

ಮರುದಿನ ನೋಡಿದೆ. ಮೂರು. ಕೋಶಗಳು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದವು. ಎದ್ದು ಹೋಗಿ ಮುಖ ತೊಳೆದು ಬಂದೆ. ಗಾಜು ತಿರುಗಿಸಿ ಇಟ್ಟು ನೋಡಿದೆ. ಆಗಲೂ ಮೂರು. ಆಯುಧಪೂಜೆ ಮುಗಿದ ಸೋಮವಾರ ಭಾವನಿಗೆ ಔಷಧಿ ಶುರುವಾಗಬೇಕು. ಅವರ ಮೈ ಆಗಲೇ ಹ್ಯಾಂಗರಿಗೆ ಹಾಕಿದ ಅಂಗಿಯಂತಿತ್ತು. ಅದೇ ವಾರ ವಾರ್ಡಿನಲ್ಲಿ ಒಬ್ಬ ಹೆಂಗಸು, ನಾನು ಮೂರು ಹಾಕಿದ್ದವರು, ಮೊದಲ ಸುತ್ತಿನ ಔಷಧಿಗೇ ಬಿಳಿ ಕಣ ಇಳಿದು ಜ್ವರದಲ್ಲಿ ನಡುಗುತ್ತ ಮಲಗಿದ್ದರು.

ಅನುಮಾನ ಹುಟ್ಟಿದ್ದು ಆಗ. ಹುಟ್ಟಿದ ಕೂಡಲೇ ಅದಕ್ಕೊಂದು ತಂಗಿಯೂ ಹುಟ್ಟಿತು: ಇಷ್ಟು ಜನರ ಕಂದನ್ನು ಮರುಮಾತಿಲ್ಲದೆ ನಂಬಿದವನು ಭಾವನ ಕಂದನ್ನು ಮಾತ್ರ ಯಾಕೆ ಅನುಮಾನಿಸುತ್ತಿದ್ದೇನೆ? ಇದು ವಿಜ್ಞಾನವೋ, ನೆಂಟಸ್ತಿಕೆಯೋ? ಎರಡರಲ್ಲಿ ಯಾವುದಾದರೂ ಸರಿ, ಮಾಡಬೇಕಾದ ಕೆಲಸ ಒಂದೇ ಎಂದುಕೊಂಡೆ.

ಭಾವನ ಮೇಣದ ತುಂಡಿನಿಂದ ಇನ್ನೊಂದು ಪದರ ಕೊಯ್ಯಿಸಿ, ಸೀರಮ್ಮು ಹಾಕದೆ ಉಳಿದದ್ದನ್ನೆಲ್ಲ ಹಾಕಿದೆ. ಹುಡುಕುವವನೇ ಇಲ್ಲದ ಮೇಲೆ ಸಿಕ್ಕುವ ಪ್ರಶ್ನೆಯೇ ಇಲ್ಲ, ಗಾಜು ಬೆಳ್ಳಗಿರಬೇಕು. ಕಂದಾಗಿತ್ತು. ಸೀರಮ್ಮಿನ ಮೇಲೆ ಮೊದಲು ಹಾಕುವ ದ್ರಾವಣವನ್ನೂ ಬಿಟ್ಟು ನೋಡಿದೆ. ಆಗಲೂ ಕಂದು. ಅದೇ ಟ್ರೇಯಲ್ಲಿ, ಅದೇ ನೀರಿನಲ್ಲಿ ತೊಳೆದ ನಮ್ಮ ತಾಳೆಯ ಗಾಜು ಮಾತ್ರ ಮಲ್ಲಿಗೆಯಂತೆ ನಗುತ್ತಿತ್ತು. ಒಂದು ಸುಳ್ಳು ಹೇಳುತ್ತಿದೆ, ಯಾವುದು?

"ಆಚಾರ್ರೇ, ಈ ಗಾಜಿಗೂ ಈ ಗಾಜಿಗೂ ಏನು ವ್ಯತ್ಯಾಸ?"

ಆಚಾರ್ರು ಕನ್ನಡಕ ಹಣೆಗೇರಿಸಿ ಎರಡನ್ನೂ ಬೆಳಕಿಗೆ ಹಿಡಿದರು. "ಇದು ನಿಮ್ಮ ಭಾವನವರದು. ಇದು ನಾವು ಮೊದಲೇ ಮಾಡಿಟ್ಟಿದ್ದು."

"ಮಾಡೋ ರೀತಿ ಒಂದೇ ತಾನೆ?"

"ಒಂದೇ ಸಾರ್. ಅದು ಶ್ರಾವಣದಲ್ಲಿ ಮಾಡಿದ್ದು, ಅಷ್ಟೇ."

"ಶ್ರಾವಣದಲ್ಲಿ ಮಾಡಿದ್ರೆ ಏನಾಯ್ತು?"

ಆಚಾರ್ರಿಗೆ ನನ್ನ ಅಜ್ಞಾನದಿಂದ ನೋವಾಯಿತು. "ಶ್ರಾವಣದಲ್ಲಿ ನಾನು ಮೊಟ್ಟೆ ಮುಟ್ಟಲ್ವಲ್ಲ ಸಾರ್. ಇಪ್ಪತ್ತು ವರ್ಷದಿಂದ ನಡೆದು ಬಂದಿರೋದು. ಆ ತಿಂಗಳು ಜೆಲಟಿನ್ ಹಾಕ್ತೀನಿ. ಅದೂ ಚೆನ್ನಾಗೇ ಕಚ್ಚತ್ತೆ."

ಜೆಲಟಿನ್ನನ್ನು ಮೂಳೆ, ಚರ್ಮ ಬೇಯಿಸಿ ತೆಗೆಯುತ್ತಾರೆಂದು ಇಪ್ಪತ್ತು ವರ್ಷದಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಅದನ್ನು ಹೇಳಲು ಅದು ಸಮಯವೂ ಆಗಿರಲಿಲ್ಲ. ನಾನು ಒಂದು ಖಾಲಿ ಗಾಜು ತೆಗೆದು ಮೊಟ್ಟೆಯ ಅಂಟು ಸವರಿದೆ, ಇನ್ನೊಂದಕ್ಕೆ ಜೆಲಟಿನ್. ಹೊಟ್ಟೆಯಿಲ್ಲ, ರೋಗವಿಲ್ಲ, ರೋಗಿಯೂ ಇಲ್ಲ. ಎರಡಕ್ಕೂ ಬಣ್ಣ ಹಾಕಿದೆವು. ಜೆಲಟಿನ್ ಗಾಜು ಬೆಳ್ಳಗೆ ನಿಂತಿತು. ಮೊಟ್ಟೆಯ ಗಾಜು ನಮ್ಮ ಕಣ್ಣೆದುರಿಗೇ ಮೆಲ್ಲಗೆ ಕಂದಾಯಿತು. ಮೊಟ್ಟೆಯ ಬಿಳಿಯಲ್ಲಿ ಅವಿಡಿನ್ ಎಂಬ ಪದಾರ್ಥವಿದೆ. ನಮ್ಮ ಹೊಸ ವಿಧಾನದ ದ್ರಾವಣಗಳು ಅದನ್ನು ಕಂಡರೆ ಹೋಗಿ ತಬ್ಬಿಕೊಳ್ಳುತ್ತವೆ. ಹಳೆಯ ಬಣ್ಣಗಳಿಗೆ ಈ ಚಾಳಿ ಇರಲಿಲ್ಲ. ಒಂದು ಕೋಳಿಗೆ ಹೊಟ್ಟೆಯ ಕ್ಯಾನ್ಸರಿದೆ, ಬೇಗ ಹೋಗುತ್ತದೆ ಎಂದು ನಾವು ನಿದಾನ ಮಾಡಿದ್ದೆವು. ಕೋಳಿಯ ಮಟ್ಟಿಗೆ ಆ ಭವಿಷ್ಯ ಸುಳ್ಳೂ ಆಗಿರಲಾರದು.

ಆಚಾರ್ರು ಸ್ಟೂಲಿನ ಮೇಲೆ ಕುಸಿದರು. "ನನ್ನಿಂದ ಆಯ್ತಾ ಸಾರ್?"

"ನಿಮ್ಮಿಂದ ಅಲ್ಲ, ಆಚಾರ್ರೇ. ನೀವು ವರ್ಷವಿಡೀ ಶ್ರಾವಣ ಮಾಡಿದ್ದಿದ್ರೆ ಏನೂ ಆಗ್ತಿರಲಿಲ್ಲ. ವರ್ಷವಿಡೀ ಮೊಟ್ಟೆ ಹಾಕಿದ್ದಿದ್ರೆ ತಾಳೆಯ ಗಾಜೂ ಕಂದಾಗಿ ಮೊದಲನೇ ದಿನವೇ ಗೊತ್ತಾಗ್ತಿತ್ತು."

ನೇರವಾಗಿ ಶಸ್ತ್ರಚಿಕಿತ್ಸಕರ ಕೋಣೆಗೆ ಹೋದೆ. ಎರಡು ಖಾಲಿ ಗಾಜುಗಳನ್ನು ಅವರ ಮೇಜಿನ ಮೇಲಿಟ್ಟೆ. ಹೇಳುವುದನ್ನೆಲ್ಲ ಹೇಳಿದೆ. ಅವರು ಗಾಜುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು.

"ಇದು ನಿಮ್ಮ ಭಾವನ ಸಲುವಾಗಿ ಅಲ್ಲ ತಾನೆ?"

"ಅವರ ಸಲುವಾಗೇ ಶುರುವಾಯ್ತು ಸಾರ್. ಈಗ ಎಲ್ಲರದೂ ಆಗಿದೆ. ಎಲ್ಲರ ಔಷಧೀನೂ ನಿಲ್ಲಿಸಿ. ಎಲ್ಲರದನ್ನೂ ಮತ್ತೆ ಮಾಡ್ತೀನಿ."

"ನಿಲ್ಲಿಸಿದ್ದಕ್ಕೆ ಯಾರಿಗಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಾನು ಸಹಿ ಮಾಡ್ತೀನಿ."

ಬಾಯಿಯಿಂದ ಹೊರಟ ಮೇಲೆ ಆ ಮಾತಿನ ತೂಕ ತಿಳಿಯಿತು. ಅಷ್ಟರಲ್ಲಿ ಅವರು ಔಷಧಿಯ ಚೀಟಿಗಳ ಮೇಲೆ ಗೀಟು ಎಳೆಯಲು ಶುರುಮಾಡಿದ್ದರು.

ಸೀಸೆಯಲ್ಲಿ ಉಳಿದಿದ್ದ ಸೀರಮ್ಮು ಒಂದೇ ಒಂದು ಸರದಿಗೆ ಸಾಕಾಗುವಷ್ಟು. ಇನ್ನೊಂದು ಬರಬೇಕಾದರೆ ಯಾರಾದರೂ ಮತ್ತೆ ವಿದೇಶಕ್ಕೆ ಹೋಗಬೇಕು. ಆ ದಿನಗಳಲ್ಲಿ ಕರೆಂಟಿನ ಮರ್ಜಿಯನ್ನು ನಂಬುವಂತಿರಲಿಲ್ಲ. ಫ್ರಿಜ್ಜು ತಣ್ಣಗಿರುವುದಕ್ಕಿಂತ ಬೆಚ್ಚಗಿರುವುದೇ ಹೆಚ್ಚು. ಸೀಸೆಯನ್ನು ಫ್ಲಾಸ್ಕಿನಲ್ಲಿಟ್ಟು, ಸಂಜಯನಗರದ ನಮ್ಮ ಮನೆ ಹತ್ತಿರದ ಐಸ್‌ಕ್ಯಾಂಡಿ ಅಂಗಡಿಯಿಂದ ಬೆಳಿಗ್ಗೆ ಸಂಜೆ ಐಸು ತರಿಸಿ ತುಂಬಿದೆವು. ಅಂಗಡಿಯವನು ನಮ್ಮ ಮನೆಯಲ್ಲಿ ಮದುವೆ ಎಂದು ತಿಳಿದಿದ್ದ.

ಆಚಾರ್ರು ಎಲ್ಲ ರೋಗಿಗಳ ತುಂಡುಗಳನ್ನೂ ಜೆಲಟಿನ್ ಮೇಲೆ ಹೊಸದಾಗಿ ಕೊಯ್ದರು. ಆಶ್ವೀಜದಲ್ಲೇ ಶ್ರಾವಣ ಮಾಡಿದರು ಎನ್ನಬಹುದು. ಈ ಸಲ ಪ್ರತಿಯೊಬ್ಬರಿಗೂ ಎರಡೆರಡು ಗಾಜು: ಒಂದಕ್ಕೆ ಸೀರಮ್ಮು, ಒಂದಕ್ಕೆ ಇಲ್ಲ. ತಾಳೆ ನೋಡುವುದು ಅವರವರ ಹೊಟ್ಟೆಯಲ್ಲೇ. ಅಂಕ ಕೊಡುವಾಗ ಯಾರದೆಂದು ನನಗೆ ತಿಳಿಯಬಾರದೆಂದು ಗಾಜಿನ ಮೇಲೆ ಕೊರೆದ ನಂಬರಿಗೆಲ್ಲ ಆಚಾರ್ರೇ ಗಾಯದ ಪ್ಲಾಸ್ಟರ್ ಅಂಟಿಸಿ, ಕಲಸಿ ಇಟ್ಟರು. ನಾನು ನೋಡಿ, ಪ್ಲಾಸ್ಟರಿನ ಮೇಲೇ ಅಂಕ ಬರೆಯುವುದು. ಎಲ್ಲ ಮುಗಿದ ಮೇಲೆ ಕಿತ್ತು ನಂಬರು ನೋಡುವುದು. ನ್ಯಾಯದೇವತೆಯ ಕಣ್ಣಿಗೆ ಬಟ್ಟೆ ಕಟ್ಟಿದಂಥ ಏರ್ಪಾಟು. ನಮ್ಮ ಆಸ್ಪತ್ರೆಯ ಬಜೆಟ್ಟಿಗೆ ತಕ್ಕ ಬಟ್ಟೆ.

ಸೀರಮ್ಮಿಲ್ಲದ ಗಾಜುಗಳೆಲ್ಲ ಬೆಳ್ಳಗೆ ಬಂದವು. ಸೀರಮ್ಮು ಹಾಕಿದವುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಸೊನ್ನೆ. ಸೊನ್ನೆ. ಒಂದು. ಮೊದಲಿನ ಮೂರುಗಳೆಲ್ಲ ಮೊಟ್ಟೆಯ ಕೊಡುಗೆಯೇ ಇರಬೇಕು ಎಂದುಕೊಂಡೆ. ಮುಂದಿನದನ್ನು ಲೆನ್ಸಿನ ಕೆಳಗೆ ತಂದೆ.

ಒಂದು ಕಡೆ ಕಚ್ಚಿದ ದೋಸೆಯಂಥ ಆಕಾರ. ಅದನ್ನು ನಾನು ಕಣ್ಣುಮುಚ್ಚಿದರೂ ಬಿಡಿಸಬಲ್ಲೆ. ಅಷ್ಟು ಸಲ ನೋಡಿದ್ದೆ. ನಂಬರಿಗೆ ಪ್ಲಾಸ್ಟರ್ ಹಾಕಬಹುದು, ಭಾವನ ಹೊಟ್ಟೆಗೆ ಹಾಕಲಾಗದು. ಇದನ್ನು ನಾವಿಬ್ಬರೂ ಯೋಚಿಸಿರಲಿಲ್ಲ.

ಡಿಕಾಕ್ಷನ್ನಿನ ಬಣ್ಣ ಹೋಗಿತ್ತು. ಆದರೆ ಪೂರ್ತಿ ಬಿಳುಪೂ ಅಲ್ಲ. ಕೆಲವು ಕೋಶಗಳ ಅಂಚಿನಲ್ಲಿ ತೆಳ್ಳನೆಯ ಕಂದು; ಅಲ್ಲಲ್ಲಿ ಗಾಢ. ಒಂದು ಎಂದರೆ ಒಂದು. ಎರಡು ಎಂದರೆ ಎರಡು. ಒಂದು ಹಾಕಿದರೆ ಸೋಮವಾರ ಭಾವ ಮನೆಯಲ್ಲೇ ಇರುತ್ತಾರೆ. ಎರಡು ಹಾಕಿದರೆ ಆ ಹೆಂಗಸು ನಡುಗುತ್ತಿದ್ದ ವಾರ್ಡಿನಲ್ಲಿರುತ್ತಾರೆ. ಪೆನ್ನು ಪ್ಲಾಸ್ಟರಿನ ಮೇಲೆ ನಿಂತಿತು. ಇದು ಬೇರೆಯವರದಾಗಿದ್ದರೆ ಏನು ಹಾಕುತ್ತಿದ್ದೆ? ಎರಡು ಹಾಕುತ್ತಿದ್ದೆ ಎನಿಸಿತು. ನಿಜವಾಗಿಯೂ ಹಾಗೆ ಕಂಡದ್ದೋ, ನೆಂಟನಿಗೆ ರಿಯಾಯಿತಿ ತೋರಿಸಬಾರದೆಂಬ ಹಟಕ್ಕೆ ಹಾಗೆ ಕಂಡದ್ದೋ, ಅದೂ ಗೊತ್ತಾಗಲಿಲ್ಲ. ನನ್ನ ಕೆಲಸದ ದಿನಗಳಲ್ಲಿ ಅಷ್ಟು ಹೆದರಿದ್ದು ಮತ್ತೊಮ್ಮೆ ಇಲ್ಲ. ಎರಡು ಎಂದು ಬರೆದೆ.

ಅದಾದ ಸ್ವಲ್ಪ ಹೊತ್ತಿಗೆ ಅಂಥದೇ ಇನ್ನೊಂದು ಬಂತು. ಅದೇ ತೆಳ್ಳನೆಯ ಅಂಚು, ಗಾಢ ಮಾತ್ರ ಒಂದು ಎಳೆ ಕಡಿಮೆ. ಒಂದು ಎಂದು ಬರೆದೆ.

ಪ್ಲಾಸ್ಟರ್ ಕಿತ್ತದ್ದು ಆಚಾರ್ರು. ದೋಸೆ ಭಾವನದೇ. ಜ್ವರದ ಹೆಂಗಸಿನದು ಸೊನ್ನೆ; ಅವರಿಗೆ ಮುಂದಿನ ಸುತ್ತು ರದ್ದಾಯಿತು, ಬಿಳಿ ಕಣ ಏರಿ ಮನೆಗೆ ಹೋದರು. ಆ ಒಂದು ಎಳೆ ಕಡಿಮೆಯ ಗಾಜು ಬ್ಯಾಟರಾಯನಪುರದ ಒಬ್ಬ ತೋಟದ ಯಜಮಾನರದು. ಮೊಟ್ಟೆಯ ದಿನಗಳಲ್ಲಿ ಅವರಿಗೂ ಮೂರು ಬಂದಿತ್ತು, ಔಷಧಿಗೆ ದಿನ ಗೊತ್ತಾಗಿತ್ತು. ಈಗ ಬೇಡವಾಯಿತು. ಸುದ್ದಿ ಹೇಳಿದಾಗ ಯಜಮಾನರು ಕೈ ಮುಗಿದರು.

"ಅಂಗಾರೆ ಸೂಜಿ ಇಲ್ವಾ ಸ್ವಾಮಿ?"

"ಸದ್ಯಕ್ಕೆ ಬೇಡ ಯಜಮಾನ್ರೇ. ತಿಂಗಳಿಗೊಂದು ಸಲ ಬಂದು ತೋರಿಸಿ."

"ಇಂಗೆ ಏಳೋರು ಸಿಕ್ಕಿದ್ರೆ ದಿನಾ ಬತ್ತೀನಿ ಬುಡಿ."

ಮುಂದಿನ ಸಲ ಬರುವಾಗ ನನಗೂ ಆಚಾರ್ರಿಗೂ ಒಂದು ಬುಟ್ಟಿ ಸೀಬೆಹಣ್ಣು ತಂದರು. ಆಚಾರ್ರು ತಿಂದರು. ನನ್ನ ಪಾಲನ್ನೂ ಅವರ ಚೀಲಕ್ಕೇ ಹಾಕಿದೆ.

ಭಾವನಿಗೆ ನಾನೇ ಹೋಗಿ ಹೇಳಿದೆ. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು; ಹುಣ್ಣಿನ ನಾಟಕ ಅಲ್ಲಿಗೆ ಮುಗಿಯಿತು.

"ಮೊದಲು ಮೂರು ಇತ್ತು, ಈಗ ಎರಡು ಅಂತೀಯ" ಎಂದರು ಭಾವ. "ಅಳತೆಯ ಗೇಜು ಸರಿಯಿರಲಿಲ್ವಾ?"

"ಇರಲಿಲ್ಲ ಭಾವ. ಈಗ ಸರಿಮಾಡಿದೀವಿ."

"ಈಗಿಂದು ಸರಿ ಅಂತ ಯಾರು ಹೇಳಿದ್ರು?"

ಭಾವ ಅಕ್ಕನ ಕಡೆ ತಿರುಗಿದರು. "ನನ್ನ ಸ್ವೆಟರ್ ತೆಗೆದಿಡೇ. ಆ ವಾರ್ಡಲ್ಲಿ ಚಳಿಯಂತೆ."

ಔಷಧಿಯ ಮೊದಲ ಸುತ್ತಿಗೆ ಅವರ ಬಾಯಿ ಹುಣ್ಣಾಯಿತು. ಎರಡನೆಯದಕ್ಕೆ ಬಿಳಿ ಕಣ ಕುಸಿಯಿತು. ದಿನಾ ಬೆಳಿಗ್ಗೆ ರಕ್ತದ ಎಣಿಕೆ ನಾನೇ ಮಾಡುತ್ತಿದ್ದೆ. ಬೇರೆ ಯಾರಿಗೂ ಬಿಡಲಿಲ್ಲ. ಎಣಿಸುವಾಗ ಲೆಕ್ಕ ತಪ್ಪಿ, ಮೊದಲಿನಿಂದ ಶುರುಮಾಡಿದ್ದುಂಟು. ಮೂರನೆಯ ಸುತ್ತಿನ ನಂತರ ಶಸ್ತ್ರಚಿಕಿತ್ಸಕರು ಸಾಕು ಎಂದರು.

ಮೊಟ್ಟೆಯ ಸೀಸೆಯನ್ನು ಆಚಾರ್ರು ತಾವೇ ಹೊರಗೆ ಒಯ್ದು ಸುರಿದು ಬಂದರು. ಅಧ್ಯಯನವನ್ನು ನಾವು ಮುಗಿಸಲಿಲ್ಲ. ಸೀರಮ್ಮು ಆಗಿಹೋಗಿತ್ತು, ಉಳಿದ ಗಾಜುಗಳಿಂದ ಯಾರ ಆಯುಷ್ಯದ ಬಗ್ಗೆಯೂ ಏನನ್ನೂ ಹೇಳಲಾಗುವುದಿಲ್ಲ ಎಂದು ವರದಿ ಬರೆದು ಸಹಿ ಮಾಡಿದೆ.

ಬ್ಯಾಟರಾಯನಪುರದ ಯಜಮಾನರು ಮುಂದಿನ ಸೀಬೆ ಫಸಲಿಗೆ ಮೊದಲೇ ತೀರಿಕೊಂಡರು. ಭಾವ ಒಂಬತ್ತು ವರ್ಷ ಇದ್ದು, ಹೃದಯಾಘಾತದಿಂದ ಹೋದರು.